ಇಸ್ತ್ರಿಯ ಕಾವು

ಮಯೂರಿಯ ಎಡಗೆನ್ನೆಯ ಮೇಲಿನ ನೀಲಿ ಕಲೆಯನ್ನು ಮೊದಲು ಕಂಡವನು ಅವಳ ಅಪ್ಪ ರಾಯಪ್ಪ. ಶನಿವಾರದ ಸಂಜೆ. ವಿಠ್ಠಲವಾಡಿ ಸ್ಟೇಶನ್ನಿನ ಹೊರಗಿರುವ ತನ್ನ ಅಲ್ಟರೇಶನ್ ಅಂಗಡಿಯಲ್ಲಿ ಅವನು ಯಾರದೋ ಜೀನ್ಸಿನ ಕಾಲನ್ನು ಗಿಡ್ಡ ಮಾಡುತ್ತ ಕೂತಿದ್ದ. ಮಗಳು ಕೆಸರು ಮೆತ್ತಿದ ಬೂಟುಗಳನ್ನು ಕೈಯಲ್ಲಿ ಹಿಡಿದು ಒಳಗೆ ಬಂದಳು. ಅವನು ಕನ್ನಡಕವನ್ನು ಹಣೆಗೇರಿಸಿ ನೋಡಿದ.

"ಯಾರ ಕೈಚಳಕವಾ ಇದು?"

"ಹಾಥ್ ನಹೀ ಪಪ್ಪಾ, ಘುಟನಾ. ಭಾಗ್ಯಾ ಕಾ," ಎಂದಳು ಮಯೂರಿ, ಜೊತೆಗೆ ಆಡುವ ಗೆಳತಿಯ ಮೊಣಕಾಲೇಟನ್ನು ಬಹುಮಾನವಾಗಿ ಗೆದ್ದು ತಂದವಳ ಹಾಗೆ. "ಫುಲ್ ಸ್ಪೀಡಲ್ಲಿ ಬರ್ತಿದ್ಳು. ಮೈನೇ ಗಿರಾ ದಿಯಾ."

"ಕೆಡವಿದಿ ಹೌದಲ್ಲ?"

"ಫಿರ್ ಕ್ಯಾ!"

"ಹಂಗಾರ ಅಡ್ಡಿಯಿಲ್ಲ ಬಿಡು."

ಅಂಗಡಿಯ ಹಿಂದೆಯೇ ಅವರ ಮನೆ. ನಡುವೆ ಒಂದು ಹೂವಿನ ಪರದೆ. ಅದರ ಆಚೆಯಿಂದ ನೀಲಗಂಗಾಳ ದನಿ ಬಂತು: "ಅಡ್ಡಿಯಿಲ್ಲಂತ! ನಾಳೆ ಹಲ್ಲು ಉದುರಿಸ್ಕೊಂಡು ಬಂದ್ರೂ ಹಿಂಗ ಅಂತಾರ ನೋಡು. ಅಪ್ಪಗ ತಕ್ಕ ಮಗಳು!"

ಪೆಟ್ಟು ಬಿದ್ದಾಗ ಆ ಮನೆಯಲ್ಲಿ ಒಂದು ಕ್ರಮವಿತ್ತು. ಮೊದಲ ದಿನ ಬರ್ಫ, ಎರಡನೆಯ ದಿನ ಇಸ್ತ್ರಿ. ಬರ್ಫದ ಮಾತು ಹೇಳಿಕೊಟ್ಟವಳು ಕೋಚ್ ಶ್ರೀಪ್ರಿಯಾ. ಇಸ್ತ್ರಿ ರಾಯಪ್ಪನ ಸ್ವಂತದ್ದು. ಎದುರಿನ ಕಬ್ಬಿನಹಾಲಿನ ಗಾಡಿಯಿಂದ ಅವನು ಬರ್ಫದ ಚೂರು ತರುತ್ತಿದ್ದ. ಮರುದಿನ ಬೆಳಿಗ್ಗೆ ಮೆತ್ತನೆಯ ಅರಿವೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಬಿಸಿ ಇಸ್ತ್ರಿಯ ಕೆಳಗಿಟ್ಟು, ತನ್ನ ಮುಂಗೈಗೆ ತಾಗಿಸಿ ಹದ ನೋಡಿ, ಆಮೇಲೆ ಮಗಳ ಪೆಟ್ಟಿನ ಮೇಲಿಟ್ಟು ಅಂಗೈಯಿಂದ ಒತ್ತುತ್ತಿದ್ದ. ಮಯೂರಿ "ಆಯ್ ಆಯ್" ಎಂದು ಕಿರುಚುತ್ತಿದ್ದಳು. ಅರ್ಧ ನೋವು, ಅರ್ಧ ನಾಟಕ. "ಜೀನ್ಸಿನ ಸುಕ್ಕ ಹೋಗತೈತಿ ಇದಕ್ಕ, ನಿನ್ನ ಗಲ್ಲದ್ದು ಹೋಗೂದಿಲ್ಲೇನು?" ಎಂದು ರಾಯಪ್ಪ ಗದರಿಸುತ್ತಿದ್ದ. ಅದೆಲ್ಲ ಮುಗಿದ ಮೇಲೆ ನೀಲಗಂಗಾ ಬಂದು, ಗಂಡನ ವೈದ್ಯದ ಮೇಲೆ ನಂಬಿಕೆಯಿಲ್ಲದವಳಂತೆ, ಅರಿಸಿನ ಹಚ್ಚುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆಯೂ ಹಾಗೆಯೇ ಆಯಿತು. ನೀಲಿಯ ಸುತ್ತ ಅರಿಸಿನದ ಹಳದಿ ಕೂತು, ಇದ್ದದ್ದಕ್ಕಿಂತ ಕಲೆ ಕೆಟ್ಟದಾಗಿ ಕಾಣತೊಡಗಿತು. ಹಾಗೆಯೇ ಮಯೂರಿ ಮೈದಾನಕ್ಕೆ ಓಡಿದಳು. ಅವತ್ತು ಕ್ಯಾಮೆರಾ ಬರುವುದಿತ್ತು.

*

ಐರೋಲಿಯ ಐಟಿ ಪಾರ್ಕುಗಳಲ್ಲಿ ಕೆಲಸ ಮಾಡುವವರು ಸೇರಿ ಕಟ್ಟಿಕೊಂಡದ್ದು ಖಾಡಿಕಿನಾರಾ ರಗ್ಬಿ ಕ್ಲಬ್. ಐದು ದಿನ ಕುರ್ಚಿಯಲ್ಲಿ ಕೂತು ಬೆನ್ನು ನೋಯಿಸಿಕೊಂಡವರು ವಾರದ ಕೊನೆಗೆ ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರನ್ನೊಬ್ಬರು ಕೆಡವಿ ಖುಷಿಪಡುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ. ಆಮೇಲೆ ಅವರಿಗೆ ಸಮಾಜ ನೆನಪಾಯಿತು. ಒಂದು ಟ್ರಸ್ಟ್ ಹುಟ್ಟಿತು. ವಿಠ್ಠಲವಾಡಿಯ ರೈಲುಹಳಿಯ ಪಕ್ಕದ ಬಯಲಿನಲ್ಲಿ ಬಡವರ ಬಸ್ತಿಯ ಹುಡುಗಿಯರಿಗೆ ರಗ್ಬಿ ಶುರುವಾಯಿತು. ಕಲಿಸಲು ಬಂದವಳು ಶ್ರೀಪ್ರಿಯಾ. ಕೋಪರಿಯಲ್ಲಿ ಉಡುಪಿ ಹೋಟೆಲ್ ನಡೆಸುವ ಯಜ್ಞೇಶ್ವರರಾಯರ ಮಗಳು. ಕಾಲೇಜಿನಲ್ಲಿ ಆಡಿ ಭುಜದ ಮೂಳೆ ಜಾರಿಸಿಕೊಂಡವಳು. ಈಗ ಟ್ರಸ್ಟಿನ ಸಂಬಳದ ಕೋಚ್.

ಮೊದಲ ದಿನ ಮಯೂರಿ ಹೊಸ ಪ್ಯಾಂಟಿನ ಮೊಣಕಾಲು ಹರಿದುಕೊಂಡು ಬಂದಾಗ ರಾಯಪ್ಪ ಕೆಂಡವಾಗಿದ್ದ. "ಇನ್ನೊಮ್ಮೆ ಆ ಕಡೆ ಹೋದಿ ಅಂದ್ರ ಕಾಲ್ ಮುರೀತೀನಿ ನೋಡು!" ಎಂದು ಚಾಳಿನ ಸಾಲುಮನೆಗಳಿಗೆಲ್ಲ ಕೇಳುವಂತೆ ಕೂಗಿದ್ದ. ಬಾಗಲಕೋಟೆ ಕಡೆಯ ಯಾವ ಅಪ್ಪ ಈ ಮಾತು ಅಂದಿಲ್ಲ? ಯಾವ ಮಗಳ ಕಾಲು ಮುರಿದಿದೆ? ಮರುದಿನ ಅವನೇ ಆ ಮೊಣಕಾಲಿಗೆ ಒಳಗಿಂದ ಇಮ್ಮಡಿ ಬಟ್ಟೆ ಕೊಟ್ಟು ಹೊಲಿದು, "ಈಗ ಹರದು ತೋರ್ಸು ನೋಡೂಣು" ಎಂದು ಸವಾಲು ಹಾಕಿ ಕಳಿಸಿದ.

ಆಮೇಲೆ ಅವನೂ ಮೈದಾನಕ್ಕೆ ಹೋದ. ಎದುರಾಳಿಯ ಸೊಂಟ ಹಿಡಿದು ಕೆಡಹುವುದನ್ನು ಹುಡುಗಿಯರು ಒಂದು ದೊಡ್ಡ ಚೀಲದ ಮೇಲೆ ಅಭ್ಯಾಸ ಮಾಡುತ್ತಿದ್ದರು. ಕ್ಲಬ್ಬಿನವರು ಪರದೇಶದಿಂದ ತರಿಸಿದ ಚೀಲ ಅದು. ಹೊಲಿಗೆ ಬಿಚ್ಚಿ ಹೊಟ್ಟೆ ಹೊರಗೆ ಬಂದಿತ್ತು. ರಾಯಪ್ಪ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ನಕ್ಕ. "ಅಕ್ಕಾರ, ಇದನ್ನ ಹೊಲದಾಂವಗ ಹುಡುಗ್ಯಾರಿಲ್ಲ ಅನಸತೈತಿ." ಉಲ್ಲಾಸನಗರದ ಜೀನ್ಸ್ ಕಾರಖಾನೆಗಳಿಂದ ದಪ್ಪ ಬಟ್ಟೆಯ ಚಿಂದಿ ಹೊತ್ತು ತಂದು, ಅದನ್ನೇ ಒಳಗೆ ತುರುಕಿ, ಮನುಷ್ಯನಷ್ಟು ಎತ್ತರದ ಚೀಲಗಳನ್ನು ಹೊಲಿದು ಕೊಟ್ಟ. ಹುಡುಗಿಯರು ಅವಕ್ಕೆ ಹೆಸರಿಟ್ಟರು. ಎಲ್ಲಕ್ಕಿಂತ ಡುಮ್ಮಗಿದ್ದ ಚೀಲದ ಹೆಸರು 'ಮಾನಪ್ಪ ಕಾಕಾ'. ರಾಯಪ್ಪನ ಗೆಳೆಯ, ಪಕ್ಕದ ಮನೆಯ ಮಾನಪ್ಪ ಇದನ್ನು ಕೇಳಿ, "ನನ್ನನ್ನ ದಿನಾ ಬಡಿಯಾಕತ್ತಾರಂತಲ್ಲೋ ನಿನ್ನ ಮಗಳ ಪಾರ್ಟಿ!" ಎಂದು ಹೊಟ್ಟೆ ಕುಣಿಸಿ ನಕ್ಕಿದ್ದ.

ಭಾನುವಾರದ ಆಟಕ್ಕೆ ಗೆರೆಯಾಚೆ ನಿಲ್ಲುವ ಅಪ್ಪ ರಾಯಪ್ಪ ಒಬ್ಬನೇ. ಚೆಂಡನ್ನು ಮುಂದಕ್ಕೆ ಎಸೆಯಬಾರದು, ಹಿಂದೆ ಇರುವವರಿಗೇ ಕೊಡಬೇಕು ಎಂಬ ನಿಯಮ ಅವನಿಗೆ ಬಹಳ ಹಿಡಿಸಿತ್ತು. "ಹಿಂದ ನೋಡವಾ ಮಯೂರಿ, ಹಿಂದ!" ಎಂದು ಕೂಗುವುದೇ ಅವನ ಕೆಲಸ.

*

ಕ್ಯಾಮೆರಾದ ಜೊತೆ ಬಂದವಳು ಟ್ರಸ್ಟಿನ ಮುಖ್ಯಸ್ಥೆ ಸುಮೇಧಾ. ಬೆಂಗಳೂರಿನಲ್ಲಿ ಬೆಳೆದವಳು, ಮೆತ್ತನೆಯ ಮಾತು. ಅವಳು ಕೆಟ್ಟವಳಾಗಿದ್ದರೆ ಈ ಕಥೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಮಯೂರಿಯ ಗಲ್ಲ ಹಿಡಿದೆತ್ತಿ ಕಲೆಯನ್ನು ನೋಡಿದಳು. ಕಣ್ಣು ತುಂಬಿಕೊಂಡಳು. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಆದರೆ ಹೇಗಾಯಿತು ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಬಸ್ತಿಯ ಹುಡುಗಿಯ ಗಲ್ಲದ ಮೇಲೆ ಕಲೆಯೆಂದರೆ ಅದಕ್ಕೆ ಒಂದೇ ಅರ್ಥ ಎಂದು ಅವಳು ಓದಿಕೊಂಡಿದ್ದಳು.

ಅವಳು ಕೇಳಿದ್ದು ಬೇರೆ: ಮನೆಯಲ್ಲಿ ಅಪ್ಪ ಆಟಕ್ಕೆ ಬೇಡ ಅನ್ನಲಿಲ್ಲವೇ? ಸಿಟ್ಟಾಗಲಿಲ್ಲವೇ?

"ಅರೆ, ಬಹುತ್!" ಎಂದು ಮಯೂರಿ ಕ್ಯಾಮೆರಾದ ಮುಂದೆ ನಗುತ್ತ ಕೈಬೀಸಿ ಹೇಳಿದಳು. "ಪಹಲೇ ದಿನ್ ಬೋಲೇ, ಟಾಂಗ್ ತೋಡ್ ದೂಂಗಾ!" ಕಾಲು ಮುರಿಯುವ ಆ ಬೆದರಿಕೆಯ ಬೆನ್ನಿಗೇ ಮೊಣಕಾಲಿನ ಇಮ್ಮಡಿ ಬಟ್ಟೆಯ ಕಥೆ, ಚೀಲಗಳ ಕಥೆ, ಮಾನಪ್ಪ ಕಾಕಾನ ಕಥೆ. ಕ್ಯಾಮೆರಾದವನು ಎಲ್ಲವನ್ನೂ ಹಿಡಿದುಕೊಂಡ. ಅಂಗಡಿಗೂ ಬಂದು ರಾಯಪ್ಪ ಕತ್ತರಿ ಹಿಡಿದು ಬಟ್ಟೆ ಕತ್ತರಿಸುವುದನ್ನು ಹತ್ತಿರದಿಂದ ತೆಗೆದ. ಬರೀ ಕೈ ಸಾಕು, ಮುಖ ಬೇಡ ಎಂದ. ರಾಯಪ್ಪ ಅವನಿಗೆ ಚಹಾ ತರಿಸಿದ, ಹೋಗುವಾಗ ಅವನ ಬ್ಯಾಗಿನ ಕಿತ್ತುಹೋದ ಪಟ್ಟಿಯನ್ನು ಹೊಲಿದು ಕೊಟ್ಟ.

*

ಟ್ರಸ್ಟಿನ ವಾರ್ಷಿಕ ಕಾರ್ಯಕ್ರಮ ಐರೋಲಿಯ ಒಂದು ಹವಾನಿಯಂತ್ರಿತ ಸಭಾಂಗಣದಲ್ಲಿ. ತಂದೆತಾಯಿಯರಿಗೂ ಆಮಂತ್ರಣ. ಊರವರಿಗೆಲ್ಲ ಹೊಲಿದರೂ ತನಗಾಗಿ ಏನನ್ನೂ ಹೊಲಿದುಕೊಳ್ಳದ ರಾಯಪ್ಪ ಅವತ್ತಿಗೆಂದು ಬಿಳಿ ಅಂಗಿ ಹೊಲಿದುಕೊಂಡ. ಕಾಲರ್ ಗಟ್ಟಿಯಾಗಿ, ಕುತ್ತಿಗೆ ತಿರುಗಿಸಲು ಬಾರದೆ, ನೆಟ್ಟಗೆ ಕೂತ. ಪಕ್ಕದಲ್ಲಿ ನೀಲಗಂಗಾ, ಈಚೆ ಮಯೂರಿ.

ದೀಪ ಆರಿತು. ಪರದೆಯ ಮೇಲೆ ವಿಠ್ಠಲವಾಡಿಯ ಬಯಲು, ಹಿಂದೆ ಹೋಗುವ ಲೋಕಲ್. ಇಂಗ್ಲಿಷಿನಲ್ಲಿ ಒಂದು ಗಂಭೀರ ದನಿ. ಆಮೇಲೆ ಮಯೂರಿಯ ಮುಖ, ಗೋಡೆಯಷ್ಟು ದೊಡ್ಡದಾಗಿ. ನೀಲಿ, ಹಳದಿ. ಅವಳ ನಗು ಇರಲಿಲ್ಲ. ಅದನ್ನು ಕತ್ತರಿಸಿದ್ದರು. ಉಳಿದದ್ದು ಒಂದೇ ಮಾತು: "ಟಾಂಗ್ ತೋಡ್ ದೂಂಗಾ." ಅದರ ಬೆನ್ನಿಗೆ ಸದ್ದಿಲ್ಲದೆ ಒಂದು ಕೈ, ಒಂದು ಕತ್ತರಿ, ಸೀಳಿಹೋಗುವ ಬಟ್ಟೆ. ಇಂಗ್ಲಿಷ್ ದನಿ ಹೇಳುತ್ತಿತ್ತು: ಮನೆಯೇ ಅಪಾಯದ ಜಾಗವಾಗಿರುವ ಹುಡುಗಿ. ಹೊಡೆಯುವ ಅಪ್ಪನಿಂದ ಓಡಿ ಬಂದು ಮೈದಾನದಲ್ಲಿ ತನ್ನ ಬಲವನ್ನು ಕಂಡುಕೊಂಡವಳು.

"ಏ, ನನ್ನ ಕತ್ತರಿ!" ಎಂದ ರಾಯಪ್ಪ ಪಿಸುಗುಡುತ್ತ ನೀಲಗಂಗಾಳ ಮೊಣಕೈ ತಿವಿದು. "ನೋಡು, ನನ್ನ ಕೈ ನೋಡು."

ಪರದೆಯ ಮೇಲಿದ್ದದ್ದು ಅವನಿಗೆ ಅರಿಯದ ಭಾಷೆ. ಮಯೂರಿಗೆ ಅರಿಯುತ್ತಿತ್ತು. ಹನ್ನೊಂದನೇ ಇಯತ್ತೆಯಲ್ಲಿ ಓದುವ ಹುಡುಗಿಗೆ ಅಷ್ಟು ಇಂಗ್ಲಿಷ್ ಸಾಕು. ದೀಪ ಹೊತ್ತಿತು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ರಾಯಪ್ಪನೂ ಎದ್ದ. ಆ ಸಭಾಂಗಣದಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ಹೊಡೆದವನು ಅವನು.

ವಾಪಸು ಹೋಗುವಾಗ ಠಾಣೆ ಕಡೆಯ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ಹೊಸ ಅಂಗಿಯ ಕಾಲರನ್ನು ಸಡಿಲಿಸಿಕೊಳ್ಳುತ್ತ ಅವನು ಮಗಳ ಕಡೆ ಬಾಗಿದ.

"ಏನವಾ ಅದು, ಇಂಗ್ಲಿಷಿನ್ಯಾಗ ಏನಂದ್ರು ನನ್ನ ಬಗ್ಗೆ?"

ಮಯೂರಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹೊರಗೆ ದೀಪಗಳ ಕಟ್ಟಡಗಳು ಹಿಂದಕ್ಕೆ ಸರಿಯುತ್ತಿದ್ದವು.

"ಚೀಲದ ಬಗ್ಗೆ ಹೇಳಿದ್ರು ಪಪ್ಪಾ. ನೀವೇ ಹೊಲಿದದ್ದು ಅಂತ."

"ಚೀಲದ ಬಗ್ಗೆ!" ಎಂದು ನೀಲಗಂಗಾಳಿಗೆ ಹೇಳಿದ, ಅವಳು ಕೇಳಿಸಿಕೊಂಡಿಲ್ಲವೇನೋ ಎಂಬಂತೆ. "ಚೀಲದ ಬಗ್ಗೆ ಹೇಳ್ಯಾರಂತ."

*

ಮರುದಿನ ಅವನು ಶ್ರೀಪ್ರಿಯಾಳಿಗೆ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಕಾರ್ಯಕ್ರಮದ ದಿನ ಸಭಾಂಗಣದ ಹಿಂಬದಿಯ ಗೋಡೆಗೆ ಒರಗಿ ನಿಂತು ನೋಡಿದ್ದ ಅವಳಿಗೆ ಈ ಮನುಷ್ಯನ ದನಿಯನ್ನು ಕೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಅವನು ಭಾಗ್ಯಾಳ ಫೋನಿನಿಂದ ವಿಡಿಯೊ ತರಿಸಿಕೊಂಡ. ಊರಕಡೆಯವರೆಲ್ಲ ಇರುವ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ತಾನೇ ಹಾಕಿದ. ಕೆಳಗೆ ತನ್ನ ದನಿಯನ್ನೂ ಸೇರಿಸಿದ: "ನಮ್ಮ ಚೀಲದ ಬಗ್ಗೆ ದೊಡ್ಡ ಮಂದಿ ಮಾತಾಡ್ಯಾರ. ಎಲ್ಲಾರೂ ನೋಡ್ರಿ. ಅದರಾಗಿನ ಕೈ ನಂದ."

ವಿಡಿಯೊ ತೆರೆಯುವ ಮೊದಲೇ ಕೈಮುಗಿಯುವ ಮಂದಿ ಎಲ್ಲ ಗುಂಪುಗಳಲ್ಲೂ ಇರುತ್ತಾರೆ. ಹೂವುಗಳು ಬಂದವು, ಅಭಿನಂದನೆಗಳು ಬಂದವು. ಸ್ವಲ್ಪ ಹೊತ್ತಿನ ಮೇಲೆ ಅವೆಲ್ಲ ನಿಂತುಹೋದವು. ಮೂರು ದಿನದ ಮೇಲೆ ಸಂಜೆ ಕೆಲಸದಿಂದ ಬಂದ ಮಾನಪ್ಪ ಮನೆಗೆ ಹೋಗದೆ ನೇರ ಅಂಗಡಿಗೆ ಬಂದು, ಎದುರಿನ ಸ್ಟೂಲಿನ ಮೇಲೆ ಕೂತು, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ.

"ರಾಯಪ್ಪ, ಆ ವಿಡಿಯೊ ತಗದಬಿಡೋ."

"ಯಾಕಲೇ? ಹೊಟ್ಟೆಕಿಚ್ಚೇನು? ನಿನ್ನ ಹೆಸರಿನ ಚೀಲಾನೂ ಅದರಾಗ ಐತಿ."

ಮಾನಪ್ಪ ನಗಲಿಲ್ಲ. "ನಮ್ಮ ಸೊಸಿ ಕೇಳಿದ್ಲು. ಇಂಗ್ಲಿಷ್ ಸಾಲಿ ಟೀಚರ್ ಆಕಿ." ಅವನು ಡಬ್ಬಿಯ ಮುಚ್ಚಳವನ್ನು ತೆಗೆದ, ಹಾಕಿದ. ಆಮೇಲೆ ಹೇಳಿದ. ಒಂದೊಂದೇ ಮಾತು, ತಲೆ ಎತ್ತದೆ.

ರಾಯಪ್ಪ ಮೊದಲು ನಕ್ಕ. "ಹುಚ್ಚ ಹಿಡದೈತೇನ ನಿನ್ನ ಸೊಸಿಗೆ," ಎಂದ. ಮಾನಪ್ಪ ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದ. ಆಗ ರಾಯಪ್ಪ ಫೋನ್ ತೆಗೆದು ವಿಡಿಯೊ ಹಾಕಿದ. ಮಗಳ ಮುಖ. ಟಾಂಗ್ ತೋಡ್ ದೂಂಗಾ. ಕೈ. ಕತ್ತರಿ. ಅರ್ಥ ಗೊತ್ತಾದ ಮೇಲೆ ಭಾಷೆಯೇ ಬೇಕಿರಲಿಲ್ಲ. ಅಳಿಸಲು ನೋಡಿದ. ಹೊತ್ತು ಮೀರಿತ್ತು. ಅವನ ಫೋನಿನಿಂದ ಹೋಯಿತು, ಎಲ್ಲರ ಫೋನಿನಲ್ಲಿ ಉಳಿಯಿತು.

ಮಯೂರಿ ಟ್ಯೂಷನ್ನಿನಿಂದ ಬಂದಾಗ ಅವನು ದೀಪ ಹಾಕದೆ ಕೂತಿದ್ದ.

"ಅವತ್ತು ಟ್ರೇನಿನ್ಯಾಗ ನಾ ಕೇಳಿದಾಗ ನಿನಗ ಗೊತ್ತಿತ್ತೇನವಾ?"

ಅವಳ ಕೈಯಿಂದ ಬ್ಯಾಗು ಕೆಳಗೆ ಬಿತ್ತು. "ಆಪ್ ತಾಲೀ ಬಜಾ ರಹೇ ಥೇ ಪಪ್ಪಾ," ಎಂದಳು. "ಇಷ್ಟು ಜೋರಾಗಿ ಚಪ್ಪಾಳೆ ಹೊಡೀತಿದ್ರಿ. ಮೈ ಕೈಸೇ ಬೋಲ್ತೀ?"

*

ಶ್ರೀಪ್ರಿಯಾ ಸುಮೇಧಾಳ ಎದುರು ಕೂತದ್ದು ಅದೇ ವಾರ. ಗಾಜಿನ ಕೋಣೆ. ಕೆಳಗೆ ಖಾಡಿಯ ಹಿನ್ನೀರು, ಮುಲುಂಡಿಗೆ ಹೋಗುವ ಸೇತುವೆ, ಅದರ ಮೇಲೆ ಸಾಲುಗಟ್ಟಿದ ಕಾರುಗಳು.

"ಆ ಮನುಷ್ಯ ಆ ಮಗುವಿಗೆ ಒಂದು ಏಟು ಹಾಕಿದವರಲ್ಲ, ಗೊತ್ತುಂಟಾ ನಿಮಗೆ? ಆ ಪೆಟ್ಟು ಬಿದ್ದದ್ದು ನನ್ನ ಕಣ್ಣೆದುರು. ಭಾಗ್ಯಾಳ ಮೊಣಕಾಲು ಬಡಿದದ್ದು."

"ನೋಡಿ ಶ್ರೀಪ್ರಿಯಾ, ನಾವು ಎಲ್ಲೂ ಅವರ ಹೆಸರು ಹೇಳಿಲ್ಲ. ಮುಖ ತೋರಿಸಿಲ್ಲ. ಅದು ಒಬ್ಬ ಅಪ್ಪನ ಕಥೆ ಅಲ್ಲ, ಇಂಥ ನೂರಾರು ಮನೆಗಳ ಕಥೆ."

"ನೂರಾರು ಮನೆಗಳ ಕಥೆಗೆ ಇವರ ಕೈ ಯಾಕೆ ಮಾರಾಯ್ರೆ?"

ಸುಮೇಧಾ ನೀರಿನ ಲೋಟವನ್ನು ಮೇಜಿನ ಮೇಲೆ ತಿರುಗಿಸಿದಳು. "ಇನ್ನೊಂದು ವಿಷಯ ಇದೆ. ಫಿಲ್ಮ್ ನೋಡಿದ ಒಬ್ಬ ದಾನಿ ಕೇಳಿದಾರೆ. ಹುಡುಗಿ ಇನ್ನೂ ಆ ಮನೆಯಲ್ಲೇ ಇದಾಳಾ, ಆ ತಂದೆ ಇನ್ನೂ ನಿಮ್ಮ ಮೈದಾನಕ್ಕೆ ಬರ್ತಾರಾ ಅಂತ. ನಮ್ಮಲ್ಲಿ ಮಕ್ಕಳ ಸುರಕ್ಷತೆಯ ನಿಯಮ ಇದೆ. ಒಂದು ಸಲ ಪ್ರಶ್ನೆ ಎದ್ದ ಮೇಲೆ ವಿಚಾರಣೆ ಮಾಡ್ಲೇಬೇಕು. ಅಲ್ಲೀವರೆಗೂ ಅವರು ಮೈದಾನಕ್ಕೆ ಬರೋ ಹಾಗಿಲ್ಲ."

"ಪ್ರಶ್ನೆ ಹುಟ್ಟಿದ್ದೇ ನಿಮ್ಮ ಫಿಲ್ಮಿನಿಂದ!"

"ಎಲ್ಲಿಂದ ಹುಟ್ಟಿದ್ರೂ ಪ್ರಶ್ನೆ ಪ್ರಶ್ನೆನೇ ಅಲ್ವಾ?" ಅವಳ ದನಿ ಇನ್ನೂ ಮೆತ್ತಗಾಯಿತು. "ಮತ್ತೆ, ಯೋಚನೆ ಮಾಡಿ ಮಾತಾಡಿ. ಈ ಹುಡುಗಿಯರಿಗೆ ಸದ್ಯಕ್ಕೆ ಮುಟ್ಟಾಟ ಮಾತ್ರ, ಕೆಡವೋದು ಚೀಲದ ಮೇಲಷ್ಟೇ ಅಂತ ನಾವು ಹೇಳಿದ್ವಿ. ಆ ಪೆಟ್ಟು ಮೈದಾನದಲ್ಲೇ ಬಿದ್ದದ್ದು ಅಂದ್ರೆ ಅದಕ್ಕೆ ಉತ್ತರ ಕೊಡ್ಬೇಕಾದವರು ನೀವು. ನಾವೂ ಕೊಡ್ಬೇಕಾಗತ್ತೆ."

ಶ್ರೀಪ್ರಿಯಾಳಿಗೆ ಆಗ ಎಲ್ಲವೂ ಕಂಡಿತು. ಆ ಕಲೆಗೆ ಒಬ್ಬ ಒಡೆಯ ಬೇಕಾಗಿತ್ತು. ಕ್ಲಬ್ಬಿನ ಮೈದಾನ ಅದರ ಒಡೆಯನಾದರೆ ದಾನ ನಿಲ್ಲುತ್ತದೆ. ಬಸ್ತಿಯ ಅಪ್ಪ ಅದರ ಒಡೆಯನಾದರೆ ದಾನ ಹರಿಯುತ್ತದೆ. ಬಡವರ ಮಕ್ಕಳನ್ನು ಉದ್ಧರಿಸಲು ಹೊರಟವರಿಗೆ ಮಕ್ಕಳಿಗಿಂತ ಮೊದಲು ಬೇಕಾದದ್ದು ಅವರನ್ನು ಹಾಳುಮಾಡುವ ಒಬ್ಬ ರಾಕ್ಷಸ. ಸಿಗದಿದ್ದರೆ ಹೊಲಿಗೆಯಂಗಡಿಯಲ್ಲಿ ಕೂತವನ ಕೈಗಳನ್ನು ಕತ್ತರಿಸಿ ತಂದು ಒಬ್ಬನನ್ನು ಹೊಲಿದುಕೊಳ್ಳುತ್ತಾರೆ.

ವಿಚಾರಣೆಗೆ ಮಯೂರಿ ಹೋದಳು. ನೀಲಗಂಗಾ ಹೋದಳು. ಮೇಜಿನ ಆಚೆ ಸುಮೇಧಾ ಮತ್ತು ಇನ್ನಿಬ್ಬರು, ಮೂವರದೂ ಕರುಣೆಯ ಮುಖ. ಅದು ಆಟದಲ್ಲಿ ಬಿದ್ದ ಪೆಟ್ಟು ಎಂದಳು ಮಯೂರಿ. ಅಪ್ಪ ಬಾಯಿಮಾತಿಗೆ ಅಂದದ್ದನ್ನು ನಾನು ನಗುತ್ತಲೇ ಹೇಳಿದೆ, ನನ್ನ ನಗು ಎಲ್ಲಿಟ್ಟಿದ್ದೀರಿ, ಅದನ್ನು ವಾಪಸು ಹಾಕಿ ಎಂದಳು. ಅವರು ತಲೆಯಾಡಿಸಿದರು. ಮಕ್ಕಳು ಮನೆಯವರನ್ನು ಕಾಪಾಡಲು ನೋಡುವುದು ಸಹಜ ಎಂದರು.

"ನಾ ತಾಯಿ ಹೇಳಾಕತ್ತೀನಲ್ರೀ!" ಎಂದು ನೀಲಗಂಗಾ ಮೇಜು ಬಡಿದಳು. "ಅರಿಸಿನ ಹಚ್ಚಿದಾಕಿ ನಾನು. ಈ ಗಲ್ಲ ನೀವು ಹೆತ್ತಿದ್ದೋ, ನಾ ಹೆತ್ತಿದ್ದೋ?"

ಅವರು ಇನ್ನೂ ಹೆಚ್ಚು ಕರುಣೆಯಿಂದ ನೋಡಿದರು. ಹೆದರಿದ ಹೆಂಡತಿಯರೂ ಹೀಗೆಯೇ ಮಾತಾಡುತ್ತಾರೆ. ನಿಜ ಹೇಳಿದಷ್ಟೂ ಸುಳ್ಳೇ ಗಟ್ಟಿಯಾಗುವ ಕೋಣೆ ಅದು. ಅಲ್ಲಿಂದ ಹೊರಗೆ ಬರಲು ಬಾಗಿಲಿತ್ತು, ಮಾತಿಗೆ ಮಾತ್ರ ಇರಲಿಲ್ಲ.

ಹೊಸ ಫಿಲ್ಮಿನಲ್ಲಿ ಮಯೂರಿಯ ಮುಖವನ್ನು ಮಸುಕು ಮಾಡಲಾಯಿತು. ಕೈ ಹಾಗೆಯೇ ಉಳಿಯಿತು.

*

ಅವನು ಇನ್ನು ಮೈದಾನಕ್ಕೆ ಬರುವಂತಿಲ್ಲ ಎಂಬ ಸುದ್ದಿ ಹೇಳಲು ಅಂಗಡಿಗೆ ಬಂದವಳು ಶ್ರೀಪ್ರಿಯಾ. ರಾಯಪ್ಪ ಕತ್ತರಿಯನ್ನು ಡ್ರಾವರಿನೊಳಗೆ ಹಾಕಿ, ಸ್ಟೂಲು ಒರೆಸಿ ಕೊಟ್ಟ.

"ನಾನು ಈ ಕೆಲಸ ಬಿಡ್ತೇನೆ ರಾಯಪ್ಪನವರೇ. ಅಪ್ಪನ ಹೋಟೆಲಲ್ಲಿ ಗಲ್ಲಾದ ಮೇಲೆ ಕೂತುಕೊಳ್ತೇನೆ. ಇದು ಸಾಕು ನನಗೆ."

"ನೀವು ಬಿಟ್ರ ಆ ಹುಡುಗ್ಯಾರನ್ನ ಯಾರು ನೋಡ್ಕೊಂತಾರ ಅಕ್ಕಾರ? ಇನ್ನೊಬ್ರು ಬರ್ತಾರ. ಅವರಿಗೆ ಬರ್ಫ ಹಚ್ಚೂದೂ ಗೊತ್ತಿರೂದಿಲ್ಲ."

ಅವಳು ತಲೆ ತಗ್ಗಿಸಿದ್ದಳು. ಅವನು ಚಹಾ ತರಿಸಿದ. ಒಲ್ಲೆ ಎನ್ನಲಾಗದೆ ಅವಳು ಕುಡಿದಳು.

ಪರದೆಯಾಚೆಯಿಂದ ಮಯೂರಿ ಹೊರಗೆ ಬಂದು ಬೂಟುಗಳನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. "ಇವನ್ನ ವಾಪಸು ತಗೊಂಡು ಹೋಗಿ ದೀದಿ. ನಾನಿನ್ನು ಆಡಲ್ಲ. ನಹೀ ಖೇಲನಾ ಮುಝೇ."

ರಾಯಪ್ಪ ಆ ಬೂಟುಗಳನ್ನು ಎತ್ತಿ ಕೆಳಗಿಟ್ಟ. "ಆಡಬೇಕು."

"ಕಾಯ್ಕೋ ಪಪ್ಪಾ? ಅವರಿಗೋಸ್ಕರಾನಾ?"

"ನೀ ಬಿಟ್ಟಿ ಅಂದ್ರ ಏನಂತಾರ ಗೊತ್ತೇನು? ಅಪ್ಪ ಬಿಡಿಸಿದ ಅಂತಾರ. ಕಾಲು ಮುರದ ಕೂಡಿಸಿದ ಅಂತಾರ." ಅವನು ಬೂಟುಗಳನ್ನು ಅವಳ ಕಾಲ ಬಳಿ ಸರಿಸಿದ. "ನೀ ಓಡತಿರೂತನಾ ನನ್ನ ಹೆಸರು ಸ್ವಲ್ಪರ ಉಳೀತೈತಿ. ಹೋಗು."

ಮಗಳು ಅಪ್ಪನ ಮೇಲಿನ ಸುಳ್ಳಿಗೆ ಎದುರಾಗಿ ನಿಲ್ಲಬೇಕೆಂದರೆ, ಆ ಸುಳ್ಳನ್ನು ಹೇಳಿದವರ ಅಂಗಿಯನ್ನೇ ತೊಟ್ಟು ಓಡಬೇಕು. ಅದಲ್ಲದೆ ಬೇರೆ ದಾರಿಯನ್ನು ಅವರು ಉಳಿಸಿರಲಿಲ್ಲ.

ಆ ವಾರವೇ ರಾಯಪ್ಪ ಅಂಗಡಿಗೂ ಮನೆಗೂ ನಡುವಿನ ಹೂವಿನ ಪರದೆಯನ್ನು ಕಿತ್ತು ಮಡಿಚಿಟ್ಟ. ರಸ್ತೆಯಲ್ಲಿ ಹೋಗುವವರಿಗೆ ಈಗ ಒಳಗಿನ ಒಲೆ, ದೇವರ ಪಟ, ಓದಲು ಕೂತ ಹುಡುಗಿ ಎಲ್ಲವೂ ಕಾಣುತ್ತಿತ್ತು. "ಗಾಳಿ ಆಡ್ಲಿ" ಎಂದ ನೀಲಗಂಗಾಳಿಗೆ. ಅವಳು ಜಗಳಕ್ಕೆ ಬರಲಿಲ್ಲ. ಅವನು ಮಗಳೊಂದಿಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದ. ಅವಳು ತಟ್ಟೆಗೆ ಕೈಚಾಚಿದರೆ ತನ್ನ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಸಿಟ್ಟು ಬಂದಾಗ ಬೈಯುತ್ತಿರಲಿಲ್ಲ. ನೀಲಗಂಗಾ ಒಮ್ಮೆ ಮೂಲೆಯಲ್ಲಿ ಕೂತು ಬಿಕ್ಕಿದಳು: "ಒಮ್ಮೆರ ಬೈರೀ ಆ ಹುಡುಗಿನ್ನ. ಕಾಲ್ ಮುರೀತೀನಿ ಅನ್ರಿ. ಮನಿ ಸತ್ತಂಗ ಆಗೈತಿ."

*

ಬಸ್ತಿಬಸ್ತಿಗಳ ನಡುವಿನ ಪಂದ್ಯ ವಿಠ್ಠಲವಾಡಿಯ ಅದೇ ಬಯಲಿನಲ್ಲಿ ನಡೆಯಿತು. ಈ ಸಲ ಕೆಡಹುವ ಆಟವೇ. ಟ್ರಸ್ಟಿನವರು ಶಾಮಿಯಾನ ಹಾಕಿದ್ದರು. ಗೆರೆಯ ಆಚೆ ದಾನಿಗಳಿಗೆ ಬಿಳಿ ಕುರ್ಚಿಗಳು. ರಾಯಪ್ಪ ಹೊಲಿದ ಚೀಲಗಳು ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ಚೀಲಗಳಿಗೆ ಪ್ರವೇಶವಿತ್ತು.

ರಾಯಪ್ಪ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಸ್ಟೇಶನ್ನಿನ ಪಾದಚಾರಿ ಸೇತುವೆಯನ್ನು ಹತ್ತಿದ. ಅಲ್ಲಿಂದ ಬಯಲು ಕಾಣುತ್ತದೆ. ಅಂಬರನಾಥದ ಗಾಡಿ ಇಳಿದ ಜನ ಅವನನ್ನು ತಳ್ಳಿಕೊಂಡು ಹೋದರು. ಅವನು ಕಂಬಿ ಹಿಡಿದು ನಿಂತ.

ಮಗಳ ಆಟವನ್ನು ಅಪ್ಪನಿಗೆ ಟಿಕೆಟ್ ತೆಗೆಸಿ ತೋರಿಸಿದ ಸಮಾಜಸೇವೆ ಅದು.

ಮಯೂರಿ ಆಟದ ನಡುವೆ ಒಮ್ಮೆ ತಲೆಯೆತ್ತಿ ಸೇತುವೆಯ ಕಡೆ ನೋಡಿದಳು. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಆದರೆ ಕಲ್ಯಾಣದ ಕಡೆಗೂ ಹೋಗದೆ, ಉಲ್ಲಾಸನಗರದ ಕಡೆಗೂ ಇಳಿಯದೆ, ಹರಿಯುವ ಜನರ ನಡುವೆ ಅಲುಗಾಡದೆ ನಿಂತಿರುವವನು ಯಾರೆಂದು ಅವಳಿಗೆ ತಿಳಿಯಿತು. ಚೆಂಡು ಅವಳ ಕೈಗೆ ಬಂತು. ಓಡಿದಳು. ಹಿಂದ ನೋಡವಾ, ಹಿಂದ, ಎಂಬ ಕೂಗು ಬರಲಿಲ್ಲ. ಅವನು ಕೂಗುತ್ತಿದ್ದನೇನೋ. ನಡುವೆ ಒಂದು ಫಾಸ್ಟ್ ಲೋಕಲ್ ಹಾರ್ನ್ ಹೊಡೆಯುತ್ತ ಹೋಯಿತು. ಅವಳು ಯಾರಿಗೂ ಕೊಡದೆ ಚೆಂಡನ್ನು ಅವಚಿಕೊಂಡೇ ಗೆರೆಯ ಕಡೆ ನುಗ್ಗಿದಳು. ಎದುರಾಳಿಯ ಭುಜ ಅವಳ ಕೆನ್ನೆಗೆ ಬಡಿಯಿತು. ಈ ಸಲ ಬಲಗಡೆ. ಬಿದ್ದರೂ ಚೆಂಡು ಗೆರೆಯಾಚೆ ನೆಲ ಮುಟ್ಟಿತ್ತು. ಬಿಳಿ ಕುರ್ಚಿಗಳಿಂದ ಚಪ್ಪಾಳೆ ಕೇಳಿಸಿತು. ಅವಳು ಎದ್ದು ಮೊದಲು ನೋಡಿದ್ದು ಸೇತುವೆಯನ್ನು. ಅವನ ಕೈಗಳು ಕಂಬಿಯ ಮೇಲೆ ಇದ್ದಲ್ಲೇ ಇದ್ದವು.

ಅವತ್ತು, ಕೆಲಸ ಬಿಡದೆ ಉಳಿದಿದ್ದ ಶ್ರೀಪ್ರಿಯಾ ಬರ್ಫ ಹಚ್ಚಿದಳು.

ಸೋಮವಾರ ಬೆಳಿಗ್ಗೆ ಮಯೂರಿ ಅಂಗಡಿಯೊಳಗೆ ಬಂದು ಕತ್ತರಿಸುವ ಮೇಜಿನ ಎದುರಿನ ಸ್ಟೂಲಿನ ಮೇಲೆ ಕೂತಳು. ಕೂದಲನ್ನು ಕಿವಿಯ ಹಿಂದೆ ಸರಿಸಿ ಬಲಗೆನ್ನೆಯನ್ನು ಮುಂದೆ ಮಾಡಿದಳು. ಏನೂ ಕೇಳಲಿಲ್ಲ. ರಾಯಪ್ಪ ಇಸ್ತ್ರಿಯನ್ನು ಬಿಸಿಗಿಟ್ಟ. ಹಳೆಯ ಧೋತರದ ಚೂರನ್ನು ನಾಲ್ಕು ಮಡಿಕೆ ಮಾಡಿದ. ಇಸ್ತ್ರಿಯ ಕೆಳಗಿಟ್ಟು ಒತ್ತಿದ, ತೆಗೆದ, ತನ್ನ ಮುಂಗೈಗೆ ತಾಗಿಸಿ ಹದ ನೋಡಿದ. ಮಯೂರಿ ಕಣ್ಣು ಮುಚ್ಚಿದಳು. "ಆಯ್" ಎನ್ನಲು ಸಿದ್ಧಳಾಗಿ ಕೂತಳು.

ಏನೂ ತಾಗಲಿಲ್ಲ.

ಕಣ್ಣು ತೆರೆದಾಗ ಬಟ್ಟೆ ಮೇಜಿನ ಮೇಲಿತ್ತು. ಅವನು ಅದನ್ನು ಅಳತೆಯ ಗಜಕಡ್ಡಿಯಿಂದ ಮೆಲ್ಲಗೆ ಅವಳ ಕಡೆ ಸರಿಸುತ್ತಿದ್ದ.

"ಪಪ್ಪಾ. ನೀವೇ ಇಡಿ ನಾ."

"ನೀನ ಇಟ್ಕೋವಾ," ಎಂದ. ರಸ್ತೆಯಲ್ಲಿ ಜನ ಸ್ಟೇಶನ್ನಿಗೆ ಹೋಗುತ್ತಿದ್ದರು. ಒಬ್ಬಿಬ್ಬರು ಅಂಗಡಿಯ ಕಡೆ, ಹುಡುಗಿಯ ಕೆನ್ನೆಯ ಕಡೆ ನೋಡಿದರು. ರಾಯಪ್ಪ ಗಜಕಡ್ಡಿಯನ್ನು ಕೆಳಗಿಟ್ಟು, ಮೇಜನ್ನು ಬಳಸಿಕೊಂಡು ಹೊರಗೆ ಹೋದ. ಎಲ್ಲರಿಗೂ ಕಾಣುವಂತೆ ರಸ್ತೆಯ ಅಂಚಿನಲ್ಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಮಯೂರಿ ಬಟ್ಟೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅದು ಅಷ್ಟರಲ್ಲಿ ಆರಿಹೋಗಿತ್ತು.